ಮನೆಯಲ್ಲೇ ಕಟ್ಟಿದ ಆಂಪ್ಲಿಫೈಯರ್‌ಗೆ ರೇಡಿಯೋ ಟ್ಯೂನರ್

ಪರದೆಯ ಮೇಲೆ ಸಾಲ್ಡರಿಂಗ್ ಐರನ್ ಓಡುವ ವೇಗಕ್ಕೆ ನೋಡುವವರ ಕಣ್ಣು ಓಡುವುದಿಲ್ಲ. ಅದೇ ಕೆಲಸವನ್ನು ಇಲ್ಲಿ ನಿಧಾನವಾಗಿ ನೋಡೋಣ.

ನಿಮ್ಮಲ್ಲಿ 4440 ಐಸಿ ಹಾಕಿ ಕಟ್ಟಿದ 12 ವೋಲ್ಟಿನ ಆಂಪ್ಲಿಫೈಯರ್, ಎರಡು ಸ್ಪೀಕರ್ ಪೆಟ್ಟಿಗೆ, ಒಂದು ಟೇಪ್ ಡೆಕ್ ಇವೆ ಎನ್ನಿ. ಇದಕ್ಕೆ ಇಡೀ ರೇಡಿಯೋ ಸೆಟ್ ಸೇರಿಸಬೇಕಿಲ್ಲ. ಗಾಳಿಯಲ್ಲಿರುವ ಹಲವು ಕೇಂದ್ರಗಳಲ್ಲಿ ಒಂದನ್ನು ಆರಿಸಿ, ಅದರಿಂದ ಧ್ವನಿಯನ್ನಷ್ಟೇ ಬೇರ್ಪಡಿಸಿ ಕೊಡುವ ಟ್ಯೂನರ್ ಬೋರ್ಡ್ ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸಿದ್ಧ ಬೋರ್ಡೇ ಸಿಗುತ್ತದೆ. ಕಾಯಿಲ್ ಸುತ್ತಿ ಹೊಂದಿಸುವ ಗೋಜಿಗೆ ಹೊಸಬರು ಹೋಗದಿರುವುದೇ ಲೇಸು.

ಬಹಳ ಮಂದಿ ಟೇಪ್ ಡೆಕ್ಕಿನ ತಂತಿ, ಟ್ಯೂನರಿನ ತಂತಿ ಎರಡನ್ನೂ ಒಟ್ಟಿಗೆ ಹೆಣೆದು ಆಂಪ್ಲಿಫೈಯರ್‌ಗೆ ಕೊಡುತ್ತಾರೆ. ಹಾಗೆ ಮಾಡಿದರೆ ಒಂದರ ಔಟ್‌ಪುಟ್ ಇನ್ನೊಂದಕ್ಕೆ ಹೊರೆಯಾಗಿ ಎರಡರ ಧ್ವನಿಯೂ ಕುಗ್ಗುತ್ತದೆ. ನಡುವೆ ಒಂದು ಸೆಲೆಕ್ಟರ್ ಸ್ವಿಚ್ ಇರಲಿ. ಎಡ, ಬಲ ಎರಡನ್ನೂ ಒಟ್ಟಿಗೆ ಬದಲಿಸುವಂಥದ್ದಾಗಿರಬೇಕು. ತಂತಿ ಶೀಲ್ಡ್ ಹೊದಿಕೆಯದ್ದಾಗಿರಲಿ.

ಟ್ಯೂನರ್ ಬೋರ್ಡ್ 5 ವೋಲ್ಟಿನದಾದರೆ ಆಂಪ್ಲಿಫೈಯರಿನ 12 ವೋಲ್ಟನ್ನು ನೇರವಾಗಿ ಕೊಟ್ಟೀರಿ, ಜೋಕೆ! ನಡುವೆ 7805 ರೆಗ್ಯುಲೇಟರ್ ಹಾಕಿ. ಬೋರ್ಡ್ 50 ಮಿಲಿಆಂಪಿಯರ್ ಎಳೆದರೂ ಅದರಲ್ಲಿ ಶಾಖವಾಗುವುದು ಅರ್ಧ ವಾಟಿಗಿಂತ ಕಡಿಮೆ. ಹೀಟ್ ಸಿಂಕ್ ಬೇಡ. 3 ವೋಲ್ಟಿನ ಬೋರ್ಡಾದರೆ ಅದಕ್ಕೆ ತಕ್ಕ ರೆಗ್ಯುಲೇಟರ್ ಬೇಕು. ಕೊಳ್ಳುವಾಗಲೇ ಕೇಳಿಕೊಳ್ಳಿ.

ಇನ್ನು ಗುಂಯ್‌ಗುಟ್ಟುವ ಸದ್ದು. ನಮ್ಮ ವಿದ್ಯುತ್ತು 50 ಹರ್ಟ್ಸಿನದು. ಬ್ರಿಡ್ಜ್ ರೆಕ್ಟಿಫೈಯರ್ ದಾಟಿದಾಗ ಅದರ ಅಲೆ 100 ಹರ್ಟ್ಸ್ ಆಗುತ್ತದೆ. ಫಿಲ್ಟರ್ ಕೆಪಾಸಿಟರ್ ಸಾಲದಿದ್ದರೆ ಸ್ಪೀಕರಿನಲ್ಲಿ ಕೇಳುವುದು ಅದೇ. ಕೆಪಾಸಿಟರ್ ಸರಿಯಿದ್ದೂ ಸದ್ದು ನಿಲ್ಲದಿದ್ದರೆ ಗ್ರೌಂಡ್ ತಂತಿಗಳನ್ನು ನೋಡಿ. ಅಲ್ಲಲ್ಲಿ ಜೋಡಿಸಿದ್ದರೆ ಬಿಚ್ಚಿ, ಎಲ್ಲವನ್ನೂ ಒಂದೇ ಬಿಂದುವಿಗೆ ತನ್ನಿ. ಬಿಚ್ಚುವ ಮೊದಲು ಪ್ಲಗ್ಗನ್ನೇ ಕಿತ್ತಿಡಿ. ಸ್ವಿಚ್ ಆರಿಸಿದ ಮಾತ್ರಕ್ಕೆ ಟ್ರಾನ್ಸ್‌ಫಾರ್ಮರಿನ 230 ವೋಲ್ಟಿನ ತುದಿಯನ್ನು ನಂಬಬಾರದು.

ಆಂಟೆನಾ ವಿಷಯ ಊರಿಂದೂರಿಗೆ ಬೇರೆ. ಶ್ರವಣಬೆಳಗೊಳದ ಮಗ್ಗುಲಿನ ಜಿನನಾಥಪುರವನ್ನೇ ತೆಗೆದುಕೊಳ್ಳಿ. ಶಾಂತಿನಾಥ ಬಸದಿಯ ಶಿಲ್ಪ ನೋಡಲು ಹೋದವರಿಗೆ ಊರಿನ ದಕ್ಷಿಣಕ್ಕೆ ಚಿಕ್ಕಬೆಟ್ಟ ನಿಂತಿರುವುದು ಗೊತ್ತು. ಎಫ್.ಎಂ. ಅಲೆ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಸಾಗುವಂಥದ್ದು, ಬೆಟ್ಟ ಅಡ್ಡ ಬಂದರೆ ಸೊರಗುತ್ತದೆ. ಹಾಸನದ ಆಕಾಶವಾಣಿ (102.2 ಮೆಗಾಹರ್ಟ್ಸ್) ಪಶ್ಚಿಮ ದಿಕ್ಕಿನದು, ಚಿಕ್ಕಬೆಟ್ಟ ಅದಕ್ಕೆ ಅಡ್ಡವಲ್ಲ. ಮೈಸೂರಿನದು (100.6) ದಕ್ಷಿಣದಿಂದ, ಬೆಟ್ಟದ ಆಚೆಯಿಂದ ಬರಬೇಕು. ಆದ್ದರಿಂದ ಮೊದಲು ಹಾಸನಕ್ಕೆ ಪ್ರಯತ್ನಿಸಿ.

ತಲಾ 70 ಸೆಂಟಿಮೀಟರಿನ ಎರಡು ತಂತಿಯನ್ನು ಒಂದೇ ಗೆರೆಯಲ್ಲಿ ಉತ್ತರ-ದಕ್ಷಿಣವಾಗಿ, ಆದಷ್ಟು ಎತ್ತರದಲ್ಲಿ ಕಟ್ಟಿ. ನಡುವಿನ ಎರಡು ತುದಿಗಳಿಂದ ಟಿ.ವಿ. ಕೇಬಲ್ಲಿನಂಥ 75 ಓಮ್ ತಂತಿಯನ್ನು ಬೋರ್ಡಿಗೆ ಇಳಿಸಿ. ಇಂಥ ಆಂಟೆನಾ ತನ್ನ ಅಗಲದ ದಿಕ್ಕಿಗೆ ಚುರುಕು, ತುದಿಗಳ ದಿಕ್ಕಿಗೆ ಮಂದ. ಮೈಸೂರು ಬೇಕೆಂದರೆ ಪೂರ್ವ-ಪಶ್ಚಿಮಕ್ಕೆ ತಿರುಗಿಸಿ ನೋಡಿ. ಹತ್ತಡಿ ಆಚೆ ಸರಿಸಿದರೂ ವ್ಯತ್ಯಾಸ ಕಂಡೀತು. ಮಾತು ಸ್ಪಷ್ಟವಾಗಿದ್ದು ಹಿಂದೆ ಬರೀ ಸುಯ್ ಎನ್ನುತ್ತಿದ್ದರೆ, ಬೋರ್ಡಿನಲ್ಲಿ ಮೋನೋ ಅನುಕೂಲವಿದ್ದಲ್ಲಿ ಅದಕ್ಕೆ ಬದಲಿಸಿ. ದುರ್ಬಲ ಸಂಕೇತದಲ್ಲಿ ಸ್ಟೀರಿಯೋ ಮೋಹ ಬಿಡುವುದೇ ಜಾಣತನ.

ಇಷ್ಟೆಲ್ಲ ಕೇಳಿ ಅಂಜಬೇಡಿ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ಅವರು 30 ವಾಟಿನ ಪ್ರೇಷಕ ಇಟ್ಟುಕೊಂಡು ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದ್ದರು. ಆಕಾಶವಾಣಿ ಎಂಬ ಹೆಸರು ಬಂದದ್ದೂ ಆ ಕೇಂದ್ರದಿಂದ. ನೀವು ಮಾಡುತ್ತಿರುವುದು ಕೇಳುವ ಕೆಲಸ ಮಾತ್ರ.

ಮುಂಗಾರಿಗೆ ಮುಂಚಿನ ಗುಡುಗು ಮಳೆಯ ದಿನಗಳಲ್ಲಿ, ಮೋಡ ಕವಿಯುವ ಮುನ್ನವೇ ಆಂಟೆನಾ ತಂತಿಯನ್ನು ಟ್ಯೂನರಿನಿಂದ ಬಿಡಿಸಿ ಕಿಟಕಿಯ ಹೊರಗೆ ಹಾಕಿ. ಗುಡುಗು ಶುರುವಾದ ಮೇಲೆ ಅದನ್ನು ಮುಟ್ಟಲು ಹೋಗಬೇಡಿ.