ಘಟ್ಟದ ಕಣಿವೆ ದಾಟುವ ರೈಲು ಸೇತುವೆಗಳು

ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ ಬ್ರಗಾಂಜಾ ಘಟ್ಟದ ರೈಲು ಹಾದಿ 1880ರ ದಶಕದಲ್ಲಿ ನಿರ್ಮಾಣವಾಯಿತು. ಧಾರವಾಡ ಸೀಮೆಯ ಹತ್ತಿ ಮರ್ಮಗೋವಾ ಬಂದರು ಸೇರುತ್ತಿದ್ದುದು ಇದೇ ಹಾದಿಯಲ್ಲಿ. ಕುಂದಗೋಳ, ಅಣ್ಣಿಗೇರಿಯ ಸಮತಟ್ಟಾದ ಎರೆನೆಲದಲ್ಲಿ ಹಳಿ ಹಾಸುವುದಕ್ಕೂ ಇಲ್ಲಿ ಹಾಸುವುದಕ್ಕೂ ಅಜಗಜಾಂತರ. ಇಲ್ಲಿನ ಏರು 37 ಅಡಿಗೆ 1 ಅಡಿ. ಮೇಲೇರುವ ರೈಲಿಗೆ ಹಿಂದಿನಿಂದ ತಳ್ಳುವ ಎಂಜಿನ್‌ಗಳೂ ಬೇಕು.

ಇಂಥ ಹಾದಿ ಕಣಿವೆಗೆ ಇಳಿದು ಮತ್ತೆ ಏರುವಂತಿಲ್ಲ. ಹಾಗಾಗಿ 310 ಮೀಟರ್ ಎತ್ತರದ ದೂಧಸಾಗರ ಜಲಪಾತಕ್ಕೆ ಅಡ್ಡಲಾಗಿ ಕಲ್ಲಿನ ಕಮಾನುಗಳು ನಿಂತಿವೆ. ಕಲ್ಲು ಒತ್ತಡವನ್ನು ತಾಳುತ್ತದೆ, ಎಳೆತವನ್ನಲ್ಲ. ಕಮಾನು ರೈಲಿನ ಭಾರವನ್ನೆಲ್ಲ ಒತ್ತಡವಾಗಿಸಿ ಕಂಬಗಳಿಗೆ, ಅಲ್ಲಿಂದ ಬಂಡೆಗೆ ದಾಟಿಸುತ್ತದೆ. ಮಳೆಗಾಲದ ನೀರು ಅದರಡಿಯಲ್ಲೇ ಧುಮ್ಮಿಕ್ಕಿ ಹೋಗುತ್ತದೆ. ನಿಜಕ್ಕೂ ಮೆಚ್ಚತಕ್ಕ ಜಾಣ್ಮೆ.

ಸುಮಾರು ನೂರು ವರ್ಷಗಳ ನಂತರ ಕೊಂಕಣ ರೈಲ್ವೆ ರತ್ನಾಗಿರಿ ಬಳಿ ಕಟ್ಟಿದ ಪಾನ್ವಲ್ ಸೇತುವೆಯ ಎತ್ತರ 64 ಮೀಟರ್, ಉದ್ದ 424 ಮೀಟರ್. ಅಷ್ಟೆತ್ತರಕ್ಕೆ ಕೆಳಗಿನಿಂದ ಆಸರೆ ಕಟ್ಟುವುದು ಕಷ್ಟ. ಆದ್ದರಿಂದ ಟೊಳ್ಳು ಕಂಬಗಳನ್ನು ಎಬ್ಬಿಸಿ, ದಡದಲ್ಲೇ ಕಾಂಕ್ರೀಟ್ ತೊಲೆಯನ್ನು ತುಂಡುತುಂಡಾಗಿ ಎರಕ ಹೊಯ್ದು, ಹೈಡ್ರಾಲಿಕ್ ಜಾಕ್‌ಗಳಿಂದ ಕಂಬದಿಂದ ಕಂಬಕ್ಕೆ ಮುಂದೂಡಲಾಯಿತು. ಈ ವಿಧಾನದಲ್ಲಿ ತೊಲೆಯ ಮುಂದುದಿಗೆ ಹಗುರವಾದ ಉಕ್ಕಿನ ಮೂತಿ ಜೋಡಿಸುತ್ತಾರೆ. ಮುಂದಿನ ಕಂಬ ಮುಟ್ಟುವವರೆಗೆ ತೊಲೆ ಅತಿಯಾಗಿ ಬಾಗದಂತೆ ಅದು ಕಾಯುತ್ತದೆ. ಭಾರತದಲ್ಲಿ ಈ ಬಗೆಯ ನಿರ್ಮಾಣ ಮೊದಲು ನಡೆದದ್ದು ಪಾನ್ವಲ್‌ನಲ್ಲಿ.