ಕೆಮ್ಮಣ್ಣುಗುಂಡಿಯ ಏರಿನಲ್ಲಿ ಎರಡು ಇಂಧನಗಳ ಲೆಕ್ಕ

ಬೀರೂರು ದಾಟಿ, ಲಿಂಗದಹಳ್ಳಿಯನ್ನೂ ದಾಟಿ ಕಲ್ಲತ್ತಿಪುರ ತಲುಪುವವರೆಗೆ ಎರಡು ಕಾರುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ನನಗೆ ಕಾಣಿಸಿರಲಿಲ್ಲ. ಸಮತಟ್ಟಾದ ಹೆದ್ದಾರಿಯಲ್ಲಿ ಯಾವ ಒಳ್ಳೆಯ ಕಾರೂ ಒಳ್ಳೆಯದೇ. ಜಲಪಾತದ ಬಳಿ ಕಾಫಿ ಕುಡಿದು ನಾನೂ ನನ್ನ ಭಾವಮೈದುನನೂ ಬೀಗದ ಕೈ ಅದಲುಬದಲು ಮಾಡಿಕೊಂಡೆವು. ಮುಂದಿನದು ಕೆಮ್ಮಣ್ಣುಗುಂಡಿಯ ಘಟ್ಟ.

ಎರಡೂ ಸ್ಕೋಡಾ ಆಕ್ಟೇವಿಯಾಗಳೇ. 2013ರ ಅಕ್ಟೋಬರಿನಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ ಪೀಳಿಗೆಯವು. ನನ್ನದು 2 ಲೀಟರಿನ ಡೀಸೆಲ್ ಎಂಜಿನ್, 143 ಅಶ್ವಶಕ್ತಿ. ಆತನದು 1.8 ಲೀಟರಿನ ಪೆಟ್ರೋಲ್, 180 ಅಶ್ವಶಕ್ತಿ. ಕಾಗದದ ಮೇಲೆ ಪೆಟ್ರೋಲ್ ಕಾರು ಮೇಲುಗೈ. ಆದರೆ ಘಟ್ಟ ಹತ್ತುವಾಗ ಲೆಕ್ಕಕ್ಕೆ ಬರುವುದು ಚಕ್ರವನ್ನು ತಿರುಚುವ ಬಲ, ಅಂದರೆ ಟಾರ್ಕ್. ಅದು ಡೀಸೆಲ್‌ನಲ್ಲಿ 320 ನ್ಯೂಟನ್ ಮೀಟರ್, ಪೆಟ್ರೋಲ್‌ನಲ್ಲಿ 250. ಡೀಸೆಲ್ ಎಂಜಿನ್ ಈ ಬಲವನ್ನು ನಿಮಿಷಕ್ಕೆ 1,750 ಸುತ್ತುಗಳಲ್ಲಿಯೇ ಕೊಟ್ಟು ಮೂರು ಸಾವಿರದ ಹೊತ್ತಿಗೆ ಸುಸ್ತಾಗುತ್ತದೆ. ಪೆಟ್ರೋಲ್ ಎಂಜಿನ್ ಅದಕ್ಕೂ ಬೇಗ ಆರಂಭಿಸಿ ಐದು ಸಾವಿರದವರೆಗೆ ಎಳೆಯುತ್ತಲೇ ಇರುತ್ತದೆ. ಒಂದು ಗಾಡಿಗೆ ಕಟ್ಟಿದ ಎತ್ತು, ಇನ್ನೊಂದು ಓಟದ ಕುದುರೆ.

ನಿರೀಕ್ಷಿಸಿದಂತೆ ನನ್ನ ಎತ್ತು ಆತನ ಕೈಯಲ್ಲಿ ಗೇರು ಬದಲಿಸುವ ಗೊಡವೆಯೇ ಇಲ್ಲದೆ ಏರಿತು. ಪೆಟ್ರೋಲ್ ಕಾರಿನಲ್ಲಿ ನನಗೆ ಮೊದಮೊದಲು ಕಸಿವಿಸಿ. ತಿರುವಿನಿಂದ ಹೊರಬರುವಾಗ ಅದು ಒಂದು ಗೇರು ಕೆಳಗಿಳಿದು ಸದ್ದು ಮಾಡುತ್ತಿತ್ತು. ಆದರೆ ನಾಲ್ಕನೆಯ ತಿರುವಿನ ಹೊತ್ತಿಗೆ, ಒಪ್ಪಿಕೊಳ್ಳಲು ಮನಸ್ಸಿಲ್ಲದಿದ್ದರೂ, ನಾನು ನಗುತ್ತಿದ್ದೆ. ಅದರ ಮೂತಿ ಹಗುರ. ಹಿಂದಿನ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್ ಇರುವುದು ಪೆಟ್ರೋಲ್ 1.8ಕ್ಕೆ ಮಾತ್ರ, ಡೀಸೆಲ್‌ಗೆ ಕಂಪನಿ ಕೊಟ್ಟದ್ದು ಸರಳವಾದ ಅಡ್ಡತೊಲೆ. ಹೊಂಡಬಿದ್ದ ತಿರುವುಗಳಲ್ಲಿ ಈ ಭೇದ ಬೆನ್ನುಮೂಳೆಗೇ ತಿಳಿಯುತ್ತದೆ. ಸ್ಪೋರ್ಟ್ಸ್ ಸೆಡಾನ್ ಎಂಬ ಮಾತಿಗೆ ಅರ್ಥವಿದ್ದರೆ ಅದು ಆ ಕಾರಿಗೇ ಸಲ್ಲಬೇಕು. ಸಮುದ್ರಮಟ್ಟದಿಂದ 1,434 ಮೀಟರ್ ಎತ್ತರದಲ್ಲಿ ಗಾಳಿ ತೆಳುವಾಗುತ್ತದೆ. ಹಳೆಯ ಕಾರ್ಬ್ಯುರೇಟರ್ ಕಾರುಗಳಾಗಿದ್ದರೆ ಏದುಸಿರು ಬಿಡುತ್ತಿದ್ದವು. ಇವೆರಡಕ್ಕೂ ಟರ್ಬೊ ಇರುವುದರಿಂದ ಗಾಳಿಯ ಕೊರತೆ ಹೆಚ್ಚು ಬಾಧಿಸಲಿಲ್ಲ.

ನಾನು ಮೊದಲ ಸಲ ಈ ಘಟ್ಟ ಹತ್ತಿದ್ದು ಎಂಬತ್ತರ ದಶಕದ ನಡುವಿನಲ್ಲಿ, ಪ್ರೊಬೇಷನರಿ ಅಧಿಕಾರಿಯಾಗಿ, ಸರ್ಕಾರಿ ಡೀಸೆಲ್ ಜೀಪಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ತಂಗುದಾಣವೆಂದೇ ಊರು ಆಗಲೂ ಪ್ರಸಿದ್ಧ. ಆದರೆ ಹೆಸರು ಹೇಳುವುದು ಬೇರೆ ಕಥೆ. ಕೆಂಪು ಮಣ್ಣಿನ ಗುಂಡಿ. ಇಲ್ಲಿನ ಅದಿರು ರೋಪ್‌ವೇಯಲ್ಲಿ ಇಳಿದು ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿತ್ತು. 1923ರಲ್ಲಿ ಉತ್ಪಾದನೆ ಆರಂಭಿಸಿದ ಆ ಕಾರ್ಖಾನೆಯ ಊದುಕುಲುಮೆ ಉರಿದದ್ದು ಕಲ್ಲಿದ್ದಲಿನಿಂದಲ್ಲ, ಮಲೆನಾಡಿನ ಮರ ಸುಟ್ಟ ಇದ್ದಿಲಿನಿಂದ. ಅಗ್ಗದ ಇಂಧನದ ನಿಜವಾದ ಬೆಲೆಯನ್ನು ಯಾರು ತೆರುತ್ತಾರೆ ಎಂಬ ಪ್ರಶ್ನೆ ಈ ಬೆಟ್ಟಕ್ಕೆ ಹೊಸದಲ್ಲ.

ಆ ಪ್ರಶ್ನೆ ನನಗೂ ಹೊಸದಲ್ಲ. ಅರ್ಥಶಾಸ್ತ್ರ ಓದಿದವನೆಂಬ ಕಾರಣಕ್ಕೆ ತೆರಿಗೆಯ ಕಡತಗಳು ನನ್ನ ಮೇಜಿಗೆ ಬರುತ್ತಿದ್ದ ಕಾಲದಲ್ಲಿ, ಡೀಸೆಲ್ ಬೆಲೆಯನ್ನು ಕೃತಕವಾಗಿ ತಗ್ಗಿಸಿಡುವುದು ತಪ್ಪೆಂದು ಒಂದಕ್ಕಿಂತ ಹೆಚ್ಚು ಬಾರಿ ಟಿಪ್ಪಣಿ ಬರೆದಿದ್ದೇನೆ. ಬಸ್ಸು, ಲಾರಿ, ಟ್ರ್ಯಾಕ್ಟರುಗಳ ಹೆಸರಿನಲ್ಲಿ ಕೊಡುವ ರಿಯಾಯಿತಿಯನ್ನು ಕಾರಿನ ಮಾಲೀಕರು ಬಾಚಿಕೊಳ್ಳುತ್ತಾರೆ ಎಂಬುದು ನನ್ನ ವಾದ. ನನ್ನೊಬ್ಬನದೇ ವಾದವೇನಲ್ಲ. 2010ರ ಫೆಬ್ರುವರಿಯಲ್ಲಿ ಕಿರೀಟ್ ಪಾರಿಖ್ ಸಮಿತಿಯು ಡೀಸೆಲ್ ಕಾರುಗಳ ಮೇಲೆ 80,000 ರೂಪಾಯಿ ಹೆಚ್ಚುವರಿ ಅಬಕಾರಿ ಸುಂಕ ಹಾಕಬೇಕೆಂದು ಶಿಫಾರಸು ಮಾಡಿತ್ತು. ಅದು ಜಾರಿಗೆ ಬರಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಪೆಟ್ರೋಲ್ ಬೆಲೆ ನಿಯಂತ್ರಣಮುಕ್ತವಾಯಿತು, ಡೀಸೆಲ್ ಆಗಲಿಲ್ಲ. 2012ರ ಮೇ ಅಂತ್ಯದಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73.18 ರೂಪಾಯಿ, ಡೀಸೆಲ್ 40.91. ಅಂತರ 32 ರೂಪಾಯಿಗೂ ಹೆಚ್ಚು! ಇಂಥ ಅಂತರವನ್ನು ಕಂಡ ಮಧ್ಯಮವರ್ಗ ಏನು ಮಾಡಬೇಕೋ ಅದನ್ನೇ ಮಾಡಿತು.

ನಾನೂ ಅದನ್ನೇ ಮಾಡಿದೆ. 2014ರ ಆರಂಭದಲ್ಲಿ, ಬ್ಯಾಂಕ್ ನೌಕರಿಯಲ್ಲಿದ್ದ ಮಡದಿಯ ಉಳಿತಾಯಕ್ಕೆ ನನ್ನ ಭವಿಷ್ಯನಿಧಿಯ ಮುಂಗಡ ಸೇರಿಸಿ ಈ ಡೀಸೆಲ್ ಕಾರು ಕೊಂಡೆ. (ಆಸ್ತಿ ವಿವರದಲ್ಲಿ ಘೋಷಿಸಿದ್ದೇನೆ, ಓದುಗರು ಹುಬ್ಬೇರಿಸಬೇಕಿಲ್ಲ.) ಪೆಟ್ರೋಲ್ ಆವೃತ್ತಿಗಿಂತ ಲಕ್ಷಕ್ಕೂ ಮಿಕ್ಕಿ ಹೆಚ್ಚು ತೆತ್ತೆ. ಐದು ವರ್ಷದಲ್ಲಿ ವಸೂಲಾಗುತ್ತದೆಂದು ಹಾಳೆಯ ಮೇಲೆ ಲೆಕ್ಕವನ್ನೂ ಹಾಕಿದ್ದೆ. ನನ್ನ ಟಿಪ್ಪಣಿಗಳನ್ನು ಓದಿದ್ದ ಸಹೋದ್ಯೋಗಿಯೊಬ್ಬರು ಕಾರನ್ನು ಕಂಡು ಏನನ್ನೂ ಹೇಳಲಿಲ್ಲ, ಬಾನೆಟ್ ಮೇಲೆ ಕೈಯಿಟ್ಟು ನಕ್ಕರು. ಅದೇ ವರ್ಷದ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯೂ ನಿಯಂತ್ರಣಮುಕ್ತವಾಯಿತು. ನಾನು ಕಡತದಲ್ಲಿ ಬೇಡಿದ್ದ ಸುಧಾರಣೆ ನನ್ನ ಜೇಬಿಗೇ ಬಂದು ತಗುಲಿತು.

ಈಗಿನ ಲೆಕ್ಕ ನೋಡೋಣ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 21.17ಕ್ಕೆ ಏರಿಸಿದ ಬಳಿಕ ಬೆಂಗಳೂರಿನಲ್ಲಿ ಡೀಸೆಲ್ ಸುಮಾರು 91 ರೂಪಾಯಿ, ಪೆಟ್ರೋಲ್ ಸುಮಾರು 103 ರೂಪಾಯಿ ಆಯಿತು. ನಾವು ಹೋದದ್ದು ಅದೇ ವರ್ಷದ ನವೆಂಬರಿನಲ್ಲಿ. ಹೋಗಿಬರುವ ಸುಮಾರು 550 ಕಿಲೋಮೀಟರಿಗೆ ನನ್ನ ಕಾರು ಲೀಟರಿಗೆ 17ರಂತೆ 32 ಲೀಟರ್ ಕುಡಿಯಿತು, ಆತನದು 12ರಂತೆ 46 ಲೀಟರ್. ಹಣದಲ್ಲಿ ಹೇಳುವುದಾದರೆ ನನಗೆ 2,900, ಆತನಿಗೆ 4,700 ರೂಪಾಯಿ. ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ಓಡಿಸುವವರಿಗೆ ಉಳಿತಾಯ 32,000 ರೂಪಾಯಿ. ಆದರೆ ನಿವೃತ್ತನಾದ ನಾನು ಓಡಿಸುವುದು ನಾಲ್ಕು ಸಾವಿರವೂ ಆಗುವುದಿಲ್ಲ. ತರಕಾರಿ ತರಲು, ಗ್ರಂಥಾಲಯಕ್ಕೆ ಹೋಗಲು ಎರಡು ಟನ್ ಎಳೆಯಬಲ್ಲ ಎಂಜಿನ್ ಯಾಕೆ?

ಇಂಗಾಲದ ಲೆಕ್ಕದಲ್ಲಿಯೂ ಡೀಸೆಲ್ ಗೆಲ್ಲುತ್ತದೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.68 ಕಿಲೋ ಇಂಗಾಲಾಮ್ಲ, ಪೆಟ್ರೋಲ್ ಉರಿದರೆ 2.31 ಕಿಲೋ. ಆದರೂ ಕಡಿಮೆ ಕುಡಿಯುವುದರಿಂದ ಕಿಲೋಮೀಟರಿಗೆ ನನ್ನ ಕಾರು ಉಗುಳಿದ್ದು 158 ಗ್ರಾಂ, ಆತನದು 192. ಯೂರೋಪಿನ ಸರ್ಕಾರಗಳು ವರ್ಷಗಟ್ಟಲೆ ಡೀಸೆಲ್ ಕಾರುಗಳನ್ನು ಮುದ್ದು ಮಾಡಿದ್ದು ಈ ಅಂಕಿಯನ್ನೇ ನೆಚ್ಚಿ. ಅವು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟದ್ದು ಸಾರಜನಕದ ಆಕ್ಸೈಡುಗಳನ್ನು ಮತ್ತು ಸೂಕ್ಷ್ಮ ಮಸಿಯನ್ನು. 2015ರ ಸೆಪ್ಟೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಪರೀಕ್ಷೆಯನ್ನು ವಂಚಿಸುವ ತಂತ್ರಾಂಶ ಅಳವಡಿಸಿದ್ದು ಬಯಲಾದಾಗ ಆ ಸುಳ್ಳು ಲೋಕಕ್ಕೆ ತಿಳಿಯಿತು. ಅದೇ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಸುತ್ತಮುತ್ತ ದೊಡ್ಡ ಡೀಸೆಲ್ ಕಾರುಗಳ ನೋಂದಣಿಯನ್ನೇ ತಡೆಯಿತು. ಮುಂದಿನ ಆಗಸ್ಟ್‌ನಲ್ಲಿ ಶೇ 1ರ ಶುಲ್ಕ ವಿಧಿಸಿ ತಡೆ ತೆರವುಗೊಳಿಸಿತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಮಾನದಂಡ ಜಾರಿಯಾದಾಗ ಮಾರುತಿ, ಸ್ಕೋಡಾ ಎರಡೂ ಇಲ್ಲಿ ಡೀಸೆಲ್ ಕೈಬಿಟ್ಟವು. 2021ರಲ್ಲಿ ಬಂದ ಹೊಸ ಆಕ್ಟೇವಿಯಾ ಪೆಟ್ರೋಲ್ ಮಾತ್ರ. ಅದರ ಟಾರ್ಕ್ 320 ನ್ಯೂಟನ್ ಮೀಟರ್, ನನ್ನ ಡೀಸೆಲ್‌ನಷ್ಟೇ. ಎತ್ತಿನ ಬಲವನ್ನು ಕುದುರೆ ಕಲಿತಿತ್ತು. 2023ರಲ್ಲಿ ಅದೂ ನಿಂತಿತು.

ಮೇಲೆ ತಲುಪಿದಾಗ ಹೆಬ್ಬೆ ಜಲಪಾತದ ಕಡೆಗೆ ಪ್ರವಾಸಿಗರನ್ನು ಒಯ್ಯುವ ಜೀಪುಗಳು ಸಾಲಾಗಿ ನಿಂತಿದ್ದವು. ಡೀಸೆಲ್ ಎರಡು ರೂಪಾಯಿ ಏರಿದ್ದರಿಂದ ಕಷ್ಟವಾಯಿತೇ ಎಂದು ಒಬ್ಬ ಚಾಲಕನನ್ನು ಕೇಳಿದೆ. ಆತ ನನ್ನ ಕಾರನ್ನೊಮ್ಮೆ ನೋಡಿ, "ಬಂಕಿನಲ್ಲಿ ನಿಮಗೂ ನನಗೂ ಒಂದೇ ರೇಟಲ್ವಾ ಸಾರ್" ಎಂದ. ವ್ಯಂಗ್ಯವಿರಲಿಲ್ಲ. ನಾಲ್ಕು ಪುಟದ ನನ್ನ ಟಿಪ್ಪಣಿಯ ಸಾರವೂ ಅಷ್ಟೇ ಆಗಿತ್ತು. ಅಗ್ಗವಾಗಿದ್ದಾಗ ಆ ಒಂದೇ ದರ ನನಗೆ ಬಳುವಳಿ, ಏರಿದಾಗ ಆತನಿಗೆ ಹೊರೆ. ಇಷ್ಟು ವರ್ಷಗಳಲ್ಲಿ ನಾವು ಈ ಎರಡನ್ನು ಬೇರ್ಪಡಿಸುವ ದಾರಿ ಹುಡುಕಲಿಲ್ಲ. ಕಾರು ಕೊಳ್ಳುವಾಗಲೇ ಒಮ್ಮೆ ಭಾರಿ ಸುಂಕ ಹಾಕುವ ಪಾರಿಖ್ ಸಮಿತಿಯ ಮಾರ್ಗವೇ ಹೆಚ್ಚು ನ್ಯಾಯವಾಗಿತ್ತೆಂದು ನಾನು ಈಗಲೂ ನಂಬುತ್ತೇನೆ. ಅದನ್ನು ಹಾಕಿದ್ದರೆ ನಾನು ಪೆಟ್ರೋಲ್ ಕಾರನ್ನೇ ಕೊಳ್ಳುತ್ತಿದ್ದೆ.

ನನ್ನ ಮಡದಿಗೆ ಏಳೆಂಟು ವರ್ಷಗಳಿಂದ ಉಬ್ಬಸ. ಬೆಂಗಳೂರಿನಿಂದ ಅಷ್ಟು ದೂರ ಹೋದದ್ದೇ ಎರಡು ದಿನ ಒಳ್ಳೆಯ ಗಾಳಿ ಸಿಗಲಿ ಎಂದು. ಮರುದಿನ ಬೆಳಿಗ್ಗೆ ತೋಟಗಾರಿಕೆ ಇಲಾಖೆಯ ಗುಲಾಬಿ ತೋಟದಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಸಾಮಾನು ತುಂಬಿ ಕಾರು ಚಾಲೂ ಮಾಡಿದೆ. ತಣ್ಣಗಿನ ಡೀಸೆಲ್ ಎಂಜಿನ್ ಒಮ್ಮೆ ಕೆಮ್ಮಿ ಹೊಗೆ ಬಿಟ್ಟಿತು. ಗಾಳಿಯಾಡದ ಆ ಮಂಜಿನಲ್ಲಿ ಹೊಗೆ ಅಲ್ಲೇ ನಿಂತಿತು. ಹಿಂದೆ ನಿಂತಿದ್ದ ಆಕೆ ಸೆರಗನ್ನು ಮೂಗಿಗೆ ಹಿಡಿದು ಇಪ್ಪತ್ತು ಹೆಜ್ಜೆ ಆಚೆ ಹೋಗಿ ನಿಂತಳು, ಏನನ್ನೂ ಹೇಳದೆ. ಕಿಲೋಮೀಟರಿಗೆ 158 ಗ್ರಾಂ ಎಂಬ ನನ್ನ ಗೆಲುವು ಆ ಇಪ್ಪತ್ತು ಹೆಜ್ಜೆಗಳಲ್ಲಿ ಮುಗಿಯಿತು.

ಇಳಿಯುವಾಗ ಆಕೆ ತಮ್ಮನ ಕಾರಿನಲ್ಲಿ ಕುಳಿತಳು. ಆ ಕಾರು ಮುಂದೆ ಹೋಗಲೆಂದು ಕಾದು, ನನ್ನ ಹೊಗೆ ಅದನ್ನು ಮುಟ್ಟದಷ್ಟು ಅಂತರ ಬಿಟ್ಟು, ಲಿಂಗದಹಳ್ಳಿಯವರೆಗೂ ನಾನೊಬ್ಬನೇ ಹಿಂದೆ ಬಂದೆ.