ಸುಮ್ಮನೆ ಕೂತ ಗಿಳಿ ಪಳಗಿದೆ ಅನ್ನಬೇಡಿ

ಭಟ್ಕಳ, ಹೊನ್ನಾವರ, ಕುಮಟಾ ಕಡೆ ಗಿಳಿ ಸಾಕುವ ಮನೆ ಹೊಸತಲ್ಲ. ಹಿಂದೆ ಜಗುಲಿಯ ಪಂಜರದಲ್ಲಿ ನಮ್ಮ ತೋಟದ ಹಸಿರು ಗಿಳಿ ಇರುತ್ತಿತ್ತು. ಈಗ ಬಡ್ಜಿ, ಕಾಕಟೀಲ್, ಕೈಯಲ್ಲಿ ಕಾಸಿದ್ದವರಲ್ಲಿ ಆಫ್ರಿಕನ್ ಗ್ರೇ. ಹಕ್ಕಿ ಬದಲಾದರೂ ಅಕ್ಕಪಕ್ಕದವರ ಸಲಹೆ ಬದಲಾಗಿಲ್ಲ. ಹೊಸ ಗಿಳಿ ಮೈ ಉಬ್ಬಿಸಿಕೊಂಡು, ಅರೆಗಣ್ಣು ಮುಚ್ಚಿ ಕೂತಿದ್ದರೆ ‘ಹೊಂದಿಕೊಂಡಿತು, ದುಂಡಗೂ ಆಯಿತು’ ಅನ್ನುತ್ತಾರೆ. ಅದೇ ಗಿಳಿ ರಾತ್ರಿ ಕೊಕ್ಕು ಮಸೆದು ಕಟಕಟ ಸದ್ದು ಮಾಡಿದರೆ ಮನೆಮಂದಿಗೆಲ್ಲ ಗಾಬರಿ. ನಿಜ ಇದಕ್ಕೆ ಉಲ್ಟಾ. ಕೊಕ್ಕು ಮಸೆಯುವುದು ನೆಮ್ಮದಿಯಿಂದ ನಿದ್ದೆಗೆ ಜಾರುವ ಗಿಳಿ. ಮೈ ಉಬ್ಬಿಸಿ ಕೂತದ್ದೇ ಚಿಂತೆಯ ವಿಷಯ.

ಹಕ್ಕಿ ಗರಿ ಉಬ್ಬಿಸುವುದು ಮೈಯ ಬಿಸಿಯನ್ನು ಹಿಡಿದಿಟ್ಟುಕೊಳ್ಳಲು. ಮಧ್ಯಾಹ್ನ ಸ್ವಲ್ಪ ಹೊತ್ತು ಹೀಗೆ ಕೂತು, ಒಂದು ಕಾಲು ಹೊಟ್ಟೆಗೆ ಎಳೆದುಕೊಂಡು, ತಲೆ ಹಿಂದಕ್ಕೆ ತಿರುಗಿಸಿ ತೂಕಡಿಸಿದರೆ ಅದು ಬರೀ ನಿದ್ದೆ. ಪಾತ್ರೆ ಬಿದ್ದ ಸದ್ದಿಗೆ ಥಟ್ಟನೆ ಎಚ್ಚರಾಗುತ್ತದೆ. ಆದರೆ ಬೆಳಗಿನಿಂದ ಸಂಜೆವರೆಗೂ ಉಬ್ಬಿಕೊಂಡೇ ಇದ್ದರೆ, ಎರಡೂ ಕಾಲೂರಿ ನಿದ್ದೆ ಮಾಡುತ್ತಿದ್ದರೆ, ಕೋಲು ಬಿಟ್ಟು ಪಂಜರದ ತಳದಲ್ಲಿ ಕೂತರೆ ಅದು ಕಾಯಿಲೆ. ಕಾಡಿನಲ್ಲಿ ಸೊರಗಿದ ಹಕ್ಕಿಯ ಮೇಲೆ ಗಿಡುಗ ಮೊದಲು ಎರಗುವುದರಿಂದ ಗಿಳಿಗಳು ಸಂಕಟವನ್ನು ಕೊನೆವರೆಗೂ ಬಚ್ಚಿಡುತ್ತವೆ. ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಕಾಯಿಲೆ ಎಷ್ಟೋ ಮುಂದೆ ಹೋಗಿರುತ್ತದೆ.

ಹೊಸ ಮನೆಯಲ್ಲಿ ಮೊದಲ ಎರಡು ಮೂರು ದಿನ ಗಿಳಿ ಮಾತಾಡದಿರುವುದು, ಜನ ಹತ್ತಿರ ಬಂದರೆ ಮೂಲೆಗೆ ಸರಿಯುವುದು, ಯಾರೂ ಇಲ್ಲದಾಗ ಮಾತ್ರ ತಿನ್ನುವುದು ಸಹಜ. ಇಡೀ ದಿನ ಏನೂ ತಿನ್ನದಿರುವುದು ಮಾತ್ರ ಸಹಜವಲ್ಲ. ಬಡ್ಜಿಯಂಥ ಸಣ್ಣ ಹಕ್ಕಿಗೆ ಒಂದೆರಡು ದಿನದ ಉಪವಾಸವೇ ಪ್ರಾಣಕ್ಕೆ ಕುತ್ತು. ಇಲ್ಲಿ ಒಂದು ಮೋಸವಿದೆ. ಗಿಳಿ ಕಾಳು ಸುಲಿದು ತಿಂದು ಸಿಪ್ಪೆಯನ್ನು ಬಟ್ಟಲಿಗೇ ಉದುರಿಸುತ್ತದೆ. ಮೇಲಿಂದ ನೋಡಿದರೆ ಬಟ್ಟಲು ತುಂಬಿದೆ, ಊದಿದರೆ ನವಣೆಯ ಹೊಟ್ಟೆಲ್ಲ ಹಾರಿಹೋಗಿ ತಳ ಕಾಣುತ್ತದೆ. ‘ಕಾಳು ಇನ್ನೂ ಉಂಟಲ್ಲ’ ಎಂದುಕೊಂಡು ಹಸಿದ ಹಕ್ಕಿಯನ್ನು ಹಾಗೇ ಬಿಟ್ಟ ಮನೆಗಳಿವೆ. ಬಟ್ಟಲು ನಂಬುವುದಕ್ಕಿಂತ ಅಡುಗೆಮನೆಯ ಡಿಜಿಟಲ್ ತಕ್ಕಡಿಯನ್ನು ನಂಬಿ. ಬಡ್ಜಿ 30ರಿಂದ 40 ಗ್ರಾಂ, ಕಾಕಟೀಲ್ ಸುಮಾರು 90 ಗ್ರಾಂ ತೂಗುತ್ತದೆ. ದಿನಾ ಬೆಳಿಗ್ಗೆ ತೂಗಿ ಬರೆದಿಡಿ. ನೂರಕ್ಕೆ ಹತ್ತರಷ್ಟು ಇಳಿದರೆ ಹಕ್ಕಿ ಲವಲವಿಕೆಯಿಂದ ಇದ್ದರೂ ವೈದ್ಯರಿಗೆ ತೋರಿಸಿ.

ಹಿಕ್ಕೆಯ ವಿಷಯದಲ್ಲಂತೂ ನಂಬಿಕೆಗಳ ರಾಶಿಯೇ ಇದೆ. ನೀರಾದರೆ ಭೇದಿ, ಬಣ್ಣ ಬದಲಾದರೆ ವಿಷ! ಆರೋಗ್ಯವಂತ ಗಿಳಿಯ ಹಿಕ್ಕೆಯಲ್ಲಿ ಮೂರು ಭಾಗ ಬೇರೆಬೇರೆ ಕಾಣುತ್ತವೆ: ಹಸಿರೋ ಕಂದೋ ಆದ ಮಲದ ಸುರುಳಿ, ಬಿಳಿ ಸುಣ್ಣದಂಥ ಭಾಗ, ಸುತ್ತ ತಿಳಿ ನೀರು. ಪಪ್ಪಾಯಿ ತಿಂದ ಮೇಲೆ, ಪ್ರಯಾಣದ ಗಾಬರಿಯಲ್ಲಿ ನೀರು ಹೆಚ್ಚುತ್ತದೆ, ಕೆಲ ಗಂಟೆಗಳಲ್ಲಿ ಸರಿಯಾಗುತ್ತದೆ. ಬೀಟ್‌ರೂಟ್ ಕೊಟ್ಟು ಕೆಂಪು ಕಂಡರೆ ಹೆದರುವುದು ಬೇಡ. ಗಮನ ಬೇಕಾದದ್ದು ಆ ಬಿಳಿ ಭಾಗದ ಮೇಲೆ. ಅದು ಹಳದಿಗೋ ಹಸಿರಿಗೋ ತಿರುಗಿದರೆ ಪಿತ್ತಜನಕಾಂಗಕ್ಕೆ ತೊಂದರೆ ಇರಬಹುದು. ಮಲದ ಭಾಗ ಟಾರಿನಂತೆ ಕಪ್ಪಗಾದರೆ ಒಳಗೆ ರಕ್ತ ಸೋರುತ್ತಿರಬಹುದು. ಪಂಜರದ ತಳಕ್ಕೆ ಬಿಳಿ ಕಾಗದ ಹಾಸಿ, ದಿನಾ ಬದಲಿಸಿ. ಇದಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ.

‘ಮಳೆಗಾಲ ಅಲ್ಲವಾ, ಗಿಳಿಗೂ ಶೀತ’ ಎಂಬ ಮಾತು ನಮ್ಮ ಕರಾವಳಿಯಲ್ಲಿ ಜೂನ್‌ನಿಂದಲೇ ಶುರು. ಮೂಗಿನ ಧೂಳು ಹೊರಹಾಕಲು ಗಿಳಿ ಆಗಾಗ ಒಣ ಸೀನು ಸೀನುತ್ತದೆ, ಅದು ಶೀತವಲ್ಲ. ಮೂಗಿನ ಹೊಳ್ಳೆ ಒದ್ದೆಯಾಗಿದ್ದರೆ, ಮೇಲಿನ ಗರಿಗಳು ಅಂಟಿಕೊಂಡಿದ್ದರೆ, ಸುಮ್ಮನೆ ಕೂತಾಗಲೂ ಬಾಯಿ ತೆರೆದು ಉಸಿರಾಡಿದರೆ, ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡಿದರೆ ಅದು ಶೀತಕ್ಕಿಂತ ದೊಡ್ಡದು. ಆಗ ಎದೆಗೆ ಕೊಬ್ಬರಿ ಎಣ್ಣೆ ಸವರುವವರಿದ್ದಾರೆ. ಎಣ್ಣೆ ಮೆತ್ತಿದ ಗರಿ ಬಿಸಿ ಹಿಡಿಯುವುದಿಲ್ಲ, ಹಕ್ಕಿ ಇನ್ನಷ್ಟು ನಡುಗುತ್ತದೆ. ನಮ್ಮಲ್ಲಿ ಉಸಿರಿನ ತೊಂದರೆಗೆ ಕಾರಣಗಳು ಮನೆಯೊಳಗೇ ಇವೆ. ತೇವಕ್ಕೆ ಬೂಸಲು ಹಿಡಿದ ಶೇಂಗಾ, ಸೂರ್ಯಕಾಂತಿ ಬೀಜ, ಬಚ್ಚಲ ಒಲೆಯ ಹೊಗೆ, ಸೊಳ್ಳೆಬತ್ತಿ, ಅಗರಬತ್ತಿ, ಭಟ್ಕಳದ ಮನೆಗಳಲ್ಲಿ ಗಲ್ಫ್‌ನಿಂದ ಬಂದ ಬಖೂರ್ ಧೂಪ. ಎಲ್ಲಕ್ಕಿಂತ ಅಪಾಯಕಾರಿ, ಒಲೆಯ ಮೇಲೆ ಮರೆತು ಅತಿಯಾಗಿ ಕಾದ ನಾನ್‌ಸ್ಟಿಕ್ ಕಾವಲಿ. ಅದರ ಅನಿಲ ನಮಗೆ ವಾಸನೆಯಾಗಿ ತಿಳಿಯುವ ಮೊದಲೇ ಗಿಳಿ ಸತ್ತು ಬಿದ್ದಿರಬಹುದು. ಪಂಜರಕ್ಕೆ ಅಡುಗೆಮನೆ ಜಾಗವೇ ಅಲ್ಲ.

ಹಸಿಮೆಣಸು ತಿನ್ನಿಸಿದರೆ ನಾಲಿಗೆ ತಿರುಗಿ ಮಾತು ಬರುತ್ತದೆ ಎಂಬ ನಂಬಿಕೆ ಇನ್ನೂ ಗಟ್ಟಿ. ಖಾರದ ಕ್ಯಾಪ್ಸೈಸಿನ್ ನಮ್ಮ ಬಾಯಿ ಸುಡುವಂತೆ ಹಕ್ಕಿಗಳ ಬಾಯಿ ಸುಡುವುದಿಲ್ಲ, ಹಾಗಾಗಿ ಅವು ಖುಷಿಯಿಂದ ತಿನ್ನುತ್ತವೆ, ಅಷ್ಟೇ. ದನಿ ಹುಟ್ಟುವುದು ಶ್ವಾಸನಾಳ ಕವಲೊಡೆಯುವಲ್ಲಿ, ಮಾತು ಬರುವುದು ಕೇಳಿ ಕೇಳಿ. ಮೆಣಸು ಕೊಡಿ, ತೊಂದರೆಯಿಲ್ಲ. ಬೆಣ್ಣೆಹಣ್ಣು ಮಾತ್ರ ಚೂರೂ ಬೇಡ, ಅದು ಗಿಳಿಗೆ ವಿಷ. ಬರೀ ಸೂರ್ಯಕಾಂತಿ ಬೀಜದ ಮೇಲೆ ಸಾಕಿದ ಗಿಳಿಗೆ ಎ ಜೀವಸತ್ವದ ಕೊರತೆ ಬರುತ್ತದೆ. ನುಗ್ಗೆ ಸೊಪ್ಪು, ಹರಿವೆ, ಕ್ಯಾರೆಟ್ ನಮ್ಮ ಸಂತೆಯಲ್ಲೇ ಸಿಗುತ್ತವೆ.

ಒಂಟಿ ಹೆಣ್ಣು ಗಿಳಿ ಮೊಟ್ಟೆ ಇಡುವುದಿಲ್ಲ ಎನ್ನುವುದೂ ಸುಳ್ಳು. ಗಂಡಿಲ್ಲದೆಯೂ ಇಡುತ್ತದೆ, ಮರಿ ಆಗದು ಅಷ್ಟೇ. ಹೊಟ್ಟೆ ಉಬ್ಬಿ, ತಳದಲ್ಲಿ ಕೂತು ತಿಣುಕುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಆಗ ನಾಳೆ ನೋಡೋಣ ಅನ್ನುವಂತಿಲ್ಲ.

ಇನ್ನು ನಮ್ಮ ತೋಟದ ಹಸಿರು ಗಿಳಿಯ ಮಾತು. ‘ಎಲ್ಲರೂ ಸಾಕುತ್ತಾರೆ, ಏನಾಗುತ್ತದೆ’ ಎಂಬ ಧೈರ್ಯ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವುದು, ಮಾರುವುದು, ಸಾಕುವುದು ಅಪರಾಧ. ಗಾಯಗೊಂಡ ಹಕ್ಕಿಯೋ ಗೂಡಿನಿಂದ ಬಿದ್ದ ಮರಿಯೋ ಸಿಕ್ಕರೆ ಅರಣ್ಯ ಇಲಾಖೆಗೆ ಒಪ್ಪಿಸಿ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲ್ಲೂಕು ಹೊನ್ನಾವರ ಅರಣ್ಯ ವಿಭಾಗಕ್ಕೇ ಸೇರಿವೆ. ಆಫ್ರಿಕನ್ ಗ್ರೇ ಇದ್ದವರು 2024ರ ನಿಯಮದಂತೆ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಮಾಡಿಸಬೇಕು.

ಮೇಲೆ ಹೇಳಿದ ಅಪಾಯದ ಲಕ್ಷಣ ಒಂದು ಕಂಡರೂ ಹಕ್ಕಿಯನ್ನು ಬೇರೆಯವುಗಳಿಂದ ದೂರವಿಟ್ಟು, ಪಂಜರದ ಒಂದು ಬದಿಗೆ ಹೊರಗಿನಿಂದ ಬಲ್ಬ್ ಹಚ್ಚಿಡಿ. ಕರೆಂಟ್ ಹೋದರೆ ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಇಡಿ. ನಿಮಗೆ ಕೊಟ್ಟ ಮಾತ್ರೆಯನ್ನು ಅರೆದು ಹಾಕಬೇಡಿ. ಅದೇ ದಿನ ತಾಲ್ಲೂಕಿನ ಪಶು ಆಸ್ಪತ್ರೆಗೆ ಹೋಗಿ, ಹಿಕ್ಕೆಯ ಕಾಗದವನ್ನೂ ಒಯ್ಯಿರಿ. ಅಲ್ಲಿಗೆ ಮೀರಿದ್ದಾದರೆ ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಗಿಳಿಯಿಂದ ಮನುಷ್ಯರಿಗೆ ಹರಡುವ ಸಿಟಕೋಸಿಸ್ ಎಂಬ ಸೋಂಕೂ ಇದೆ. ಮನೆಯಲ್ಲಿ ಯಾರಿಗಾದರೂ ಜ್ವರ, ತಲೆನೋವು, ಒಣಕೆಮ್ಮು ಶುರುವಾದರೆ, ಹೊಸದಾಗಿ ಗಿಳಿ ತಂದಿದ್ದೇವೆ ಎಂದು ವೈದ್ಯರಿಗೆ ಮರೆಯದೆ ಹೇಳಿ. ಸರಿಯಾದ ಔಷಧಿಗೆ ಅದು ವಾಸಿಯಾಗುತ್ತದೆ.